ಕಳುವಾಗಿ ಮರಳಿ ಸಿಕ್ಕ ಬೈಕನ್ನು ಕೊಳ್ಳುವ ಮುನ್ನ

ಕಳುವಾಗಿ ಪೊಲೀಸರ ಮೂಲಕ ಮರಳಿ ಸಿಕ್ಕ ಬೈಕನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಗಾಡಿ ಸಿಕ್ಕಿದ ಮಾತ್ರಕ್ಕೆ ಪ್ರಕರಣ ಮುಗಿದಂತಾಗುವುದಿಲ್ಲ. ಆದ್ದರಿಂದ ಕುಶಾಲನಗರದಲ್ಲಾಗಲಿ ಗೋಣಿಕೊಪ್ಪಲಿನಲ್ಲಾಗಲಿ ಇಂತಹ ಗಾಡಿ ಮಾರಾಟಕ್ಕಿದೆ ಎಂದು ಗೊತ್ತಾದರೆ, ಎಂಜಿನ್ನಿನ ಸದ್ದು ಕೇಳುವುದಕ್ಕೂ ಮೊದಲು, ಅದು ಯಾವ ಆದೇಶದ ಮೇಲೆ ಮಾಲೀಕರ ಕೈಗೆ ಮರಳಿತು ಎಂಬುದನ್ನು ಕೇಳಿ, ಆ ಆದೇಶದ ಪ್ರತಿಯನ್ನು ಓದಬೇಕು.

ಪೊಲೀಸರು ಗಾಡಿಯನ್ನು ಜಪ್ತಿ ಮಾಡಿ, ಪಂಚರ ಸಮಕ್ಷಮ ಅದರ ವಿವರಗಳ ಮಹಜರು ಬರೆದ ಮೇಲೆ, ಮಾಲೀಕರು ಸಾಮಾನ್ಯವಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಅದನ್ನು ಮಧ್ಯಂತರ ಸುಪರ್ದಿಗೆ, ಅಂದರೆ ತಾತ್ಕಾಲಿಕವಾಗಿ ತಮ್ಮ ವಶಕ್ಕೆ, ಪಡೆಯುತ್ತಾರೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 451 ಮತ್ತು 457ನೆಯ ಕಲಮುಗಳಡಿ ನಡೆಯುತ್ತಿದ್ದ ಈ ಕ್ರಮ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503ನೆಯ ಕಲಮುಗಳಡಿ ನಡೆಯುತ್ತದೆ. ವಾಹನಗಳನ್ನು ಠಾಣೆಯ ಅಂಗಳದಲ್ಲಿ ಬಹುಕಾಲ ಬಿಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿರುವುದರಿಂದ, ವಿಚಾರಣೆ ಮುಗಿಯುವ ಮೊದಲೇ ಮುಚ್ಚಳಿಕೆ (ಷರತ್ತು ಪಾಲಿಸುವ ಲಿಖಿತ ಹೊಣೆ) ಬರೆಸಿಕೊಂಡು ಗಾಡಿಯನ್ನು ಬಿಡುಗಡೆ ಮಾಡುವುದು ರೂಢಿಯಲ್ಲಿದೆ. ಆ ಮುಚ್ಚಳಿಕೆಯಲ್ಲಿಯೇ ಕೊಳ್ಳುವವರಿಗೆ ತೊಡಕಾಗುವ ಷರತ್ತುಗಳಿರಬಹುದು: ಕರೆದಾಗ ಗಾಡಿಯನ್ನು ಹಾಜರುಪಡಿಸಬೇಕು, ಅದರ ರೂಪ ಬದಲಿಸಬಾರದು, ನ್ಯಾಯಾಲಯದ ಅನುಮತಿಯಿಲ್ಲದೆ ಪರಭಾರೆ ಮಾಡಬಾರದು, ಅಂದರೆ ಬೇರೆಯವರಿಗೆ ಮಾರಬಾರದು ಅಥವಾ ಕೊಡಬಾರದು. ಪರಭಾರೆಯ ಷರತ್ತು ಇದ್ದರೆ, ಮಾರುವವರು ಅನುಮತಿ ತಂದು ತೋರಿಸುವವರೆಗೆ ಮುಂಗಡವನ್ನೂ ಕೊಡಬೇಡಿ. ಪ್ರಕರಣ ಇತ್ಯರ್ಥವಾಗಿದೆ ಎಂದು ಅವರು ಹೇಳಿದರೆ, ಗಾಡಿಯನ್ನು ಅವರಿಗೇ ಉಳಿಸಿದ ಅಂತಿಮ ಆದೇಶದ ದೃಢೀಕೃತ ಪ್ರತಿಯನ್ನು ಕೇಳಿ.

ಎರಡನೆಯ ತೊಡಕು ವಿಮೆಯದು. ಗಾಡಿ ಪತ್ತೆಯಾಗಲಿಲ್ಲವೆಂದು ಪೊಲೀಸರು ‘ಸಿ’ ರಿಪೋರ್ಟ್ ಸಲ್ಲಿಸಿ, ವಿಮಾ ಕಂಪನಿ ಪೂರ್ತಿ ಪರಿಹಾರ ಕೊಟ್ಟ ಮೇಲೆ ಗಾಡಿ ಸಿಕ್ಕಿದ್ದರೆ, ಅದರ ಮೇಲಿನ ಹಕ್ಕು ಕಂಪನಿಗೆ ಸೇರಿರುತ್ತದೆ. ಆರ್‌ಸಿಯಲ್ಲಿ ಇನ್ನೂ ಹಳೆಯ ಮಾಲೀಕರ ಹೆಸರಿದ್ದರೂ ಅವರು ಅದನ್ನು ಮಾರುವಂತಿಲ್ಲ. ಪರಿಹಾರ ಪಡೆದಿದ್ದೀರಾ ಎಂದು ನೇರವಾಗಿ ಕೇಳಿ, ಪಡೆದಿಲ್ಲವೆಂದರೆ ಅದನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಿ.

ಹೇಳಿದ್ದನ್ನು ತಾಳೆ ನೋಡುವುದು ಈಗ ಕಷ್ಟವಲ್ಲ. ಎಫ್‌ಐಆರ್ ಸಂಖ್ಯೆ ಕೈಗೆ ಬಂದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ ಹಂತ ನೋಡಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ನೀಡುವ ವಾಹನ ನಿರಾಕ್ಷೇಪಣಾ ಪತ್ರದಿಂದ, ಗಾಡಿ ಇನ್ನೂ ಕಳವಿನ ಪಟ್ಟಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ವಾಹನ ನೋಂದಣಿಯ ಸರ್ಕಾರಿ ಜಾಲತಾಣವಾದ ಪರಿವಾಹನ್‌ನ ದಾಖಲೆಯಲ್ಲಿ ‘ಬ್ಲ್ಯಾಕ್‌ಲಿಸ್ಟ್’ ಎಂಬ ಗುರುತು ಉಳಿದಿದ್ದರೆ ಅದನ್ನು ಮಾರುವವರೇ ತೆಗೆಸಿಕೊಡಬೇಕು. ಇಷ್ಟಾದರೂ ದೂರು ದಾಖಲಾದ ಠಾಣೆಗೆ ಒಮ್ಮೆ ಹೋಗಿ, “ಸರ್, ಈ ಗಾಡಿಯ ಮೇಲೆ ಬೇರೆ ಯಾವುದಾದರೂ ಕೇಸ್ ಇದೆಯೇ?” ಎಂದು ವಿಚಾರಿಸುವುದು ಒಳ್ಳೆಯದು. ಕಳ್ಳನ ಕೈಯಲ್ಲಿದ್ದ ದಿನಗಳಲ್ಲಿ ಗಾಡಿ ಅಪಘಾತ ಮಾಡಿರಬಹುದು, ಇನ್ನೊಂದು ಅಪರಾಧಕ್ಕೆ ಬಳಕೆಯಾಗಿರಬಹುದು. ಆ ಅವಧಿಯ ಇ-ಚಲನ್‌ಗಳನ್ನೂ ನೋಡಿ.

ಇನ್ನು ಗಾಡಿಯ ಬಳಿ ಬನ್ನಿ. ಹಗಲು ಬೆಳಕಿನಲ್ಲಿ, ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿ, ಫೋರ್ಕ್ ಸೇರುವ ಕೊಳವೆಯ ಬಲಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ, ಹೆಚ್ಚಿನ ಬೈಕುಗಳಲ್ಲಿ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಅಲ್ಲಿ ಕಾಣುತ್ತದೆ. ರಾಯಲ್ ಎನ್‌ಫೀಲ್ಡ್‌ನದು ಎಂಇ3 ಎಂದೂ, ಬಜಾಜ್‌ನದು ಎಂಡಿ2 ಎಂದೂ, ಟಿವಿಎಸ್‌ನದು ಎಂಡಿ6 ಎಂದೂ ಆರಂಭವಾಗುತ್ತದೆ. ತುಕ್ಕು ಹಿಡಿದ ಜಾಗದಲ್ಲಿ ಚಿಕ್ಕ ಚಿಕ್ಕ ಗುಳಿಗಳಿರುತ್ತವೆ. ಉಜ್ಜಿ ಅಳಿಸಿದ ಜಾಗದಲ್ಲಿ ಒಂದೇ ದಿಕ್ಕಿನ ಗೀರುಗಳೂ, ಸುತ್ತಲಿನ ಬಣ್ಣಕ್ಕೆ ಹೊಂದದ ಹೊಸ ಬಣ್ಣವೂ ಇರುತ್ತವೆ. ಎಂಜಿನ್ ನಂಬರ್ ಸೇರಿ ಎರಡನ್ನೂ ಆರ್‌ಸಿಯೊಂದಿಗೆ ಮಾತ್ರವಲ್ಲ, ಮಹಜರಿನೊಂದಿಗೂ ಹೋಲಿಸಬೇಕು. ಒಂದು ಅಂಕಿ ತಾಳೆಯಾಗದಿದ್ದರೂ ಮಾತುಕತೆ ಅಲ್ಲಿಗೇ ನಿಲ್ಲಲಿ.

ಕಳವಿನ ಗುರುತು ಮೊದಲು ಕಾಣುವುದು ಬೀಗಗಳಲ್ಲಿ. ಹ್ಯಾಂಡಲ್ ಲಾಕ್ ಒಡೆದಿದೆಯೇ, ಟ್ಯಾಂಕ್, ಸೀಟು, ಇಗ್ನಿಷನ್ ಒಂದೇ ಕೀಲಿಗೆ ತೆರೆಯುತ್ತವೆಯೇ, ಹೆಡ್‌ಲೈಟಿನ ಹಿಂದೆ ವೈರು ಕತ್ತರಿಸಿ ಟೇಪು ಸುತ್ತಿದ್ದಾರೆಯೇ ಎಂದು ನೋಡಿ. ನಮ್ಮ ಕೊಡಗು ಜಿಲ್ಲೆಯ ಮಳೆಗಾಲವನ್ನು ಠಾಣೆಯ ಬಯಲಿನಲ್ಲಿ ಕಳೆದ ಗಾಡಿಯಾದರೆ, ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ಒಳಗೆ ಕೆಂಪು ಪುಡಿಯಿದೆಯೇ ಎಂದು ಪರೀಕ್ಷಿಸಿ. ಸೀಟನ್ನು ಗಟ್ಟಿಯಾಗಿ ಒತ್ತಿದಾಗ ಹೊಲಿಗೆಯಿಂದ ನೀರು ಜಿನುಗಿದರೆ ಒಳಗಿನ ಫೋಮ್ ಹಾಳಾಗಿದೆ. ಫೋರ್ಕಿನ ಕೊಳವೆಯ ಮೇಲಿನ ತುಕ್ಕು ಆಯಿಲ್ ಸೀಲನ್ನು ಹರಿಯುತ್ತದೆ. ಬ್ರೇಕು ಸರಿಯಾಗಿ ಹಿಡಿಯುತ್ತದೆಂದು ಮೆಕ್ಯಾನಿಕ್ ಹೇಳುವವರೆಗೆ ಮಡಿಕೇರಿಯಿಂದ ಸಂಪಾಜೆ ಘಾಟಿಗೆ ಇಳಿಸುವ ಸಾಹಸ ಬೇಡ.

ವ್ಯವಹಾರ ಕುದುರಿದರೆ ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿಸಿಕೊಳ್ಳಿ. ಗಾಡಿಯ ಮೇಲೆ ಸಾಲವಿದ್ದರೆ, ಅದು ತೀರಿದೆ ಎಂದು ಆರ್‌ಸಿಯಿಂದ ತೆಗೆಸುವ 35ನೆಯ ನಮೂನೆಯೂ ಬೇಕು. ಮಾಕುಟ್ಟ ಅಥವಾ ಕುಟ್ಟದ ಆಚೆಯಿಂದ ಬಂದ ಕೇರಳ ನೋಂದಣಿಯ ಗಾಡಿಯಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರವೂ ಇಲ್ಲಿನ ತೆರಿಗೆಯೂ ಸೇರಿಕೊಳ್ಳುವುದರಿಂದ, ಬೆಲೆ ಮಾತನಾಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಗಾಡಿ ಪಡೆದ ದಿನಾಂಕದ ಜೊತೆಗೆ ಗಂಟೆಯನ್ನೂ ಕರಾರಿನಲ್ಲಿ ಬರೆಯಿರಿ. 14 ದಿನಗಳೊಳಗೆ ವಿಮೆಯನ್ನೂ, 30 ದಿನಗಳೊಳಗೆ ಆರ್‌ಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಸಲ್ಲಿಸಿ, ಎಫ್‌ಐಆರ್, ಮಹಜರು ಮತ್ತು ಬಿಡುಗಡೆ ಆದೇಶದ ಪ್ರತಿಗಳನ್ನು ಗಾಡಿ ನಿಮ್ಮ ಬಳಿ ಇರುವಷ್ಟು ಕಾಲವೂ ಇಟ್ಟುಕೊಳ್ಳಿ.