ಹೆಗಲಿಗೆ ಒಗ್ಗಿದ ಕೋವಿ

ಕೊಡಗಿನ ಮನೆಯಲ್ಲಿ ಹುಟ್ಟಿದ ನನಗೆ ಕೋವಿ ಹೊಸದಲ್ಲ. ಕೈಲ್ ಮುಹೂರ್ತದಲ್ಲಿ ಅದಕ್ಕೆ ಪೂಜೆ ಮಾಡಿದ್ದೇನೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದಿದ್ದೇನೆ. ಬೇಟೆ ಮಾತ್ರ ಗೊತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ 1972ರ ವನ್ಯಜೀವಿ ಕಾಯ್ದೆ ಬಂದಿತ್ತು. ಜಿಂಕೆ ಬೇಟೆ ಕಲಿತದ್ದು ಕೆಲಸಕ್ಕೆಂದು ಸ್ಕಾಟ್ಲೆಂಡಿಗೆ ಬಂದ ಮೇಲೆ. ಇಲ್ಲಿ ತೋಳಗಳಿಲ್ಲ. ಜಿಂಕೆ ಜಾಸ್ತಿಯಾದರೆ ಕಾಡಿನ ಸಸಿಗಳು ಮೇಲೇಳುವುದೇ ಇಲ್ಲ.

ಪೊಲೀಸರು ಕೊಡುವ ಲೈಸೆನ್ಸಿನಲ್ಲಿ ಕೋವಿಯ ಕ್ಯಾಲಿಬರ್, ಅಂದರೆ ಅದು ಯಾವ ಅಳತೆಯ ತೋಟೆಯದು ಎಂಬುದು, ಬರೆದಿರುತ್ತದೆ. ಬೇರೆಯದು ಬೇಕಾದರೆ ಮತ್ತೆ ಅರ್ಜಿ. ಹಾಗಾಗಿ ಮೊದಲೇ ಯೋಚಿಸಬೇಕು. ಇಲ್ಲಿನ ಕಾನೂನಿನಂತೆ ಸಣ್ಣ ರೋ ಜಿಂಕೆಗೆ ಕನಿಷ್ಠ 50 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು, 1,000 ಅಡಿ-ಪೌಂಡ್ ಶಕ್ತಿ ಸಾಕು. ದೊಡ್ಡ ರೆಡ್ ಡೀರ್‌ಗೆ 1,750 ಅಡಿ-ಪೌಂಡ್ ಬೇಕು. ಎರಡಕ್ಕೂ ವೇಗ ಸೆಕೆಂಡಿಗೆ 2,450 ಅಡಿಗಿಂತ ಕಡಿಮೆ ಇರಬಾರದು. ಸ್ಕಾಟ್ಲೆಂಡಿನಲ್ಲಿ ರೋ ಜಿಂಕೆಗೆ ನಡೆಯುವ .223 ಎಂಬ ಸಣ್ಣ ಕ್ಯಾಲಿಬರ್, ಗಡಿ ದಾಟಿ ಇಂಗ್ಲೆಂಡಿಗೆ ಹೋದರೆ ನಡೆಯುವುದಿಲ್ಲ.

ನನಗೆ ಎರಡೂ ಜಿಂಕೆಗೆ ಒಂದೇ ಕೋವಿ ಬೇಕಿತ್ತು. ದೊಡ್ಡದಿದ್ದರೆ ತಪ್ಪೇನಿಲ್ಲ ಅಲ್ವಾ ಅಂದುಕೊಂಡು .308 ತಗೊಂಡೆ. ಗುಡ್ಡ ಹತ್ತಲು ಸುಲಭವಾಗಲಿ ಎಂದು ಹಗುರವಾದದ್ದನ್ನೇ ಆರಿಸಿದೆ. ಕೋವಿ ಹಗುರವಾದಷ್ಟೂ ಹೆಗಲಿಗೆ ಜೋರಾಗಿ ಒದೆಯುತ್ತದೆ.

ಮೊದಲ ಚಳಿಗಾಲದಲ್ಲಿ ಒಂದು ಹೆಣ್ಣು ರೋ ಸಿಕ್ಕಿತು. ದೂರ ನೂರಿಪ್ಪತ್ತು ಮೀಟರ್ ಅಷ್ಟೇ. ಈಡು ಎದೆಗೆ ಬೀಳದೆ ಹೊಟ್ಟೆಗೆ ಬಿತ್ತು. ಜೊತೆಗಿದ್ದ ಹಿರಿಯರ ನಾಯಿ ಎರಡು ಗಂಟೆ ಹುಡುಕಿದ ಮೇಲೆ ಜರೀಗಿಡದ ಅಡಿಯಲ್ಲಿ ಸಿಕ್ಕಿತು. ಇನ್ನೂ ಜೀವವಿತ್ತು. ಆ ಕಣ್ಣು ನಾನು ಮರೆತಿಲ್ಲ.

ಮರುವಾರ ಅವರು ನನಗೆ ಹೇಳದೆ ಮ್ಯಾಗಜಿನ್‌ನಲ್ಲಿ ಒಂದು ಡಮ್ಮಿ ತೋಟೆ ಸೇರಿಸಿದರು. ಕೋವಿಯ ಕುದುರೆ (ಟ್ರಿಗರ್) ಎಳೆದೆ. ಈಡು ಹಾರಲಿಲ್ಲ, ಆದರೆ ನಳಿಗೆ ಕೆಳಗೆ ಕುಕ್ಕಿತು. ಒದೆಗೆ ಹೆದರಿ ನಾನು ಮೊದಲೇ ಕಣ್ಣು ಮುಚ್ಚಿ ಮೈ ಬಿಗಿ ಹಿಡಿಯುತ್ತಿದ್ದೆ. ತಪ್ಪು .308ದಲ್ಲ. ನನಗೆ ಆ ಕೋವಿ ಸರಿಯಲ್ಲ, ಅಷ್ಟೇ.

ಆಮೇಲೆ ಅವರ .243 ಹೊಡೆದು ನೋಡಿದೆ. ತುಂಬ ಮೃದು. ಹೊಸಬರು ಸುಮ್ನೆ ಅದನ್ನೇ ತಗೊಂಡರೂ ನಾನು ಬೇಡ ಅನ್ನುವುದಿಲ್ಲ. ಆದರೆ ನನ್ನಿಂದ ಮಾಂಸ ಕೊಳ್ಳುವವರು ಸೀಸದ ಗುಂಡು ಬೇಡ ಎನ್ನುತ್ತಾರೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕದ ಗುಂಡು ಉದ್ದವಾಗುತ್ತದೆ. ಉದ್ದ ಗುಂಡು ನೆಟ್ಟಗೆ ಹೋಗಬೇಕಾದರೆ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ತಿರುವು ಬಿಗಿ ಇರಬೇಕು. ಎಷ್ಟೋ .243 ಕೋವಿಗಳಲ್ಲಿ ಅದು ಸಡಿಲ. ಈ ಕಷ್ಟ ನೋಡಿಯೇ 2023ರಲ್ಲಿ ಸ್ಕಾಟ್ಲೆಂಡಿನ ಕಾನೂನಿನಲ್ಲಿ ದೊಡ್ಡ ಜಿಂಕೆಯ ಗುಂಡಿನ ಕನಿಷ್ಠ ತೂಕವನ್ನು 100ರಿಂದ 80 ಗ್ರೇನಿಗೆ ಇಳಿಸಿದರು.

ಕೊನೆಗೆ ನನಗೆ ಒಗ್ಗಿದ್ದು 6.5×55 ಸ್ವೀಡಿಷ್. 1890ರ ದಶಕದಲ್ಲಿ ಸ್ವೀಡನ್, ನಾರ್ವೆ ಸೈನ್ಯಕ್ಕೆಂದು ಮಾಡಿದ ಹಳೆಯ ತೋಟೆ. ಅಲ್ಲಿ ಮೂಸ್‌ಗೂ ಇದನ್ನೇ ಬಳಸುತ್ತಾರೆ. ನಳಿಗೆಯ ತಿರುವು ಬಿಗಿ, ಒದೆ ಹದ. 120 ಗ್ರೇನಿನ ತಾಮ್ರದ ಗುಂಡು ಹಾಕುತ್ತೇನೆ. ತಾಮ್ರದ ಗುಂಡು ಬಡಿದಾಗ ಅರಳಲು ವೇಗ ಬೇಕು, ಅದಕ್ಕೇ 200 ಮೀಟರ್ ಆಚೆಗೆ ಹೊಡೆಯುವುದಿಲ್ಲ. ಒಂದೇ ಬಗೆಯ ತೋಟೆಯ ನಾಲ್ಕೈದು ಪೆಟ್ಟಿಗೆ ತಂದು, ಬೇಸಿಗೆಯಿಡೀ ಮಲಗಿ, ಕೂತು, ಕೋಲಿಗೆ ಆನಿಸಿ ಹೊಡೆದೆ.

ನವೆಂಬರಿನಲ್ಲಿ ಒಂದು ಹೆಣ್ಣು ರೆಡ್ ಡೀರ್. ಈಡು ಮುಂಗಾಲಿನ ಹಿಂದೆ ಬಿದ್ದದ್ದು ಸ್ಕೋಪಿನಲ್ಲೇ ಕಂಡಿತು. ಇಪ್ಪತ್ತು ಹೆಜ್ಜೆ ಹೋಗಿ ಬಿತ್ತು. ನಾಯಿಯನ್ನು ಗಾಡಿಯಿಂದ ಇಳಿಸಬೇಕಾಗಲಿಲ್ಲ.