ಡ್ರೂಸಿ ಪೈರೈಟ್ ಬೆಳ್ಳಿಯಲ್ಲಿ ನಿಲ್ಲುತ್ತದೆ: ನನ್ನ ಅನುಭವ

ಡ್ರೂಸಿ ಪೈರೈಟ್ ಕ್ಯಾಬೋಶನ್‌ಗಳನ್ನು ಬೆಳ್ಳಿಯ ಪದಕಗಳಲ್ಲಿ ಕೂರಿಸಿ ಮಾರತೊಡಗಿದ ಮೇಲೆ ಮೂರ್ನಾಲ್ಕು ಮಳೆಗಾಲಗಳು ಕಳೆದಿವೆ. ಪೈರೈಟ್ ಬಂಗಾರದಂತೆ ಹೊಳೆಯುವ ಖನಿಜ; ಡ್ರೂಸಿ ಎಂದರೆ ಮೈತುಂಬ ಸಣ್ಣ ಹರಳುಗಳು ಎದ್ದಿರುವ ಕಲ್ಲು, ಕ್ಯಾಬೋಶನ್ ಎಂದರೆ ಪಟ್ಟೆ ಕತ್ತರಿಸದೆ ಉಜ್ಜಿ ರೂಪಿಸಿದ ಕಲ್ಲು. ಈಗಿನ ಕ್ರಮದಲ್ಲಿ ಮಾಡಿದ ಮೊದಲ ಪದಕಗಳ ಪೈಕಿ ನನಗೆ ಮತ್ತೆ ನೋಡಲು ಸಿಕ್ಕವೆಲ್ಲ ಕೊಟ್ಟ ದಿನದ ಹೊಳಪಿನಲ್ಲೇ ಇವೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಕಸುಬಿನವರು ಯಾರೂ ಇದನ್ನು ನಂಬಿರಲಿಲ್ಲ. “ಬೆಳ್ಳಿ ಕಪ್ಪಾಗುತ್ತೆ, ಕಲ್ಲು ಪುಡಿಯಾಗುತ್ತೆ, ಗಿರಾಕಿ ವಾಪಸ್ ತರ್ತಾರೆ. ಈ ಕಾಗೆಬಂಗಾರಕ್ಕೆ ಬೆಳ್ಳಿ ಯಾಕಪ್ಪಾ ದಂಡ ಮಾಡ್ತೀಯ?” ಎಂದು ನಮ್ಮ ಬೀದಿಯ ಹಿರಿಯ ಆಚಾರ್ಯರೊಬ್ಬರು ಕೇಳಿದ್ದರು. ಅವರು ಹೇಳಿದ ಮೂರು ತೊಂದರೆಗಳೂ ನಿಜ. ಆದರೆ ಮೂರಕ್ಕೂ ಉಪಾಯವಿದೆ, ಮತ್ತು ಅದರ ಮುಕ್ಕಾಲು ಪಾಲು ಕಲ್ಲು ಆರಿಸುವ ಹೊತ್ತಿನಲ್ಲೇ ಮುಗಿದುಹೋಗುತ್ತದೆ.

ಇದು ನಮ್ಮ ಗಣಿಯ ಕಲ್ಲೇ ಎಂದು ಊರಿನ ಗಿರಾಕಿಗಳು ಕೇಳುತ್ತಾರೆ. ಅಲ್ಲವೆಂದು ಸ್ಪಷ್ಟವಾಗಿ ಹೇಳಿಯೇ ಮಾರುತ್ತೇನೆ. ಇಲ್ಲಿನ ಚಿನ್ನ ಬಿಳಿಗಲ್ಲಿನ ಪದರಗಳಲ್ಲಿತ್ತು, ಗಣಿ 2001ರಲ್ಲಿ ಮುಚ್ಚಿತು. ನನ್ನ ಕಲ್ಲು ಜೈಪುರದಲ್ಲಿ ಕೊರೆದು ಉಜ್ಜಿದ್ದು, ವ್ಯಾಪಾರಿಗಳು ಪೆರು ದೇಶದ್ದೆಂದು ಹೇಳಿ ಕೊಡುತ್ತಾರೆ.

ಕಲ್ಲುಗಳ ಲಾಟು ಕೈಗೆ ಬಂದ ಕೂಡಲೇ ಎಲ್ಲರೂ ಮುಂಭಾಗದ ಮಿನುಗನ್ನು ನೋಡುತ್ತಾರೆ. ನಾನು ಕಲ್ಲನ್ನು ಮಗುಚಿ ಮೊದಲು ಬೆನ್ನನ್ನು ನೋಡುತ್ತೇನೆ. ಬೆನ್ನು ಬಿಗಿಯಾಗಿ, ಒಂದೇ ಬಣ್ಣದಲ್ಲಿ, ಲೋಹದಂತೆ ಕಂಡರೆ ಆ ಕಲ್ಲು ಮುಂದಿನ ಪರೀಕ್ಷೆಗೆ ಹೋಗುತ್ತದೆ. ಬೂದು ಬಣ್ಣದ ಎಳೆಗಳು, ಉಗುರಿಗೆ ಉದುರುವ ಸಂದುಗಳು ಅಥವಾ ಅಂಟು ತುಂಬಿದ ಗುಳಿಗಳು ಕಂಡರೆ, ಮುಂಭಾಗ ಎಷ್ಟೇ ಚೆನ್ನಾಗಿದ್ದರೂ ಹಿಂದಿರುಗಿಸುತ್ತೇನೆ. ಆಮೇಲೆ ಹತ್ತು ಪಟ್ಟಿನ ಲೆನ್ಸಿನಲ್ಲಿ ಅಂಚನ್ನು ನೋಡಬೇಕು. ಸುತ್ತಲೂ ಕನಿಷ್ಠ ಒಂದೂವರೆ ಮಿಲಿಮೀಟರಿನಷ್ಟು ಅಗಲಕ್ಕೆ ಹರಳುಗಳಿಲ್ಲದ, ಉಜ್ಜಿದ ಅಂಚಿರಬೇಕು. ಅಂಚಿನವರೆಗೂ ಹರಳು ತುಂಬಿದ ಕಲ್ಲು ತಟ್ಟೆಯಲ್ಲಿ ಬಹಳ ಚೆಂದ, ಆದರೆ ಕಲ್ಲನ್ನು ಸುತ್ತಿ ಹಿಡಿಯುವ ಬೆಳ್ಳಿಯ ಪಟ್ಟಿಯನ್ನು ಅದರ ಮೇಲೆ ಬಗ್ಗಿಸಿದಾಗ ಮೊದಲು ಪುಡಿಯಾಗುವುದೇ ಆ ಹರಳುಗಳು.

ನಕಲಿಯ ಹಾವಳಿಯೂ ಇದೆ. ಸ್ಫಟಿಕದ ಡ್ರೂಸಿಗೆ ಬಂಗಾರದ ಬಣ್ಣದ ಲೇಪ ಹೊಡೆದು ಪೈರೈಟ್ ಎಂದು ಮಾರುತ್ತಾರೆ. ಲೆನ್ಸಿನಲ್ಲಿ ಇದು ತಿಳಿಯುತ್ತದೆ: ಪೈರೈಟಿನ ಹರಳುಗಳು ಸಾಮಾನ್ಯವಾಗಿ ಚೌಕನೆಯ ಘನಗಳಾಗಿರುತ್ತವೆ, ಅವುಗಳ ಮೈಮೇಲೆ ಸೂಕ್ಷ್ಮ ಗೆರೆಗಳಿರುತ್ತವೆ, ಒಂದು ಮುಖದ ಗೆರೆ ಪಕ್ಕದ ಮುಖದ ಗೆರೆಗೆ ಅಡ್ಡವಾಗಿ ಓಡುತ್ತದೆ. ಸ್ಫಟಿಕದ ತುದಿಗಳು ಚೂಪಾಗಿ ಆರು ಮುಖದಲ್ಲಿ ನಿಂತಿರುತ್ತವೆ. ತೂಕವೂ ಹೇಳಿಕೊಡುತ್ತದೆ, ಏಕೆಂದರೆ ಪೈರೈಟ್ ನೀರಿಗಿಂತ ಸುಮಾರು 5 ಪಟ್ಟು ತೂಗಿದರೆ ಸ್ಫಟಿಕ 2.65 ಪಟ್ಟು ಮಾತ್ರ. ಇಪ್ಪತ್ತೈದಕ್ಕೆ ಹದಿನೆಂಟು ಮಿಲಿಮೀಟರಿನ ಗಟ್ಟಿ ಪೈರೈಟ್ ಕಲ್ಲು ನನ್ನ ತಕ್ಕಡಿಯಲ್ಲಿ ಎಂಟು ಗ್ರಾಮಿನ ಆಸುಪಾಸು ಬರುತ್ತದೆ. ಐದರ ಹತ್ತಿರ ಬಂದರೆ ನನಗೆ ಅನುಮಾನ. ಬಿಳಿ ಟೈಲ್ಸಿನ ಹೊಳಪಿಲ್ಲದ ಹಿಂಬದಿಗೆ ಕಲ್ಲಿನ ಅಡಿಯನ್ನು ಗೀಚಿದರೆ ಹಸಿರು ಛಾಯೆಯ ಕಪ್ಪು ಗೆರೆ ಮೂಡಬೇಕು.

ಇನ್ನು ನನಗೆ ಹೆಚ್ಚು ಹಣ ತಿಂದದ್ದು, ಹೆಚ್ಚು ಕಲಿಸಿದ್ದು ತೇವ. ಪೈರೈಟ್ ಕಬ್ಬಿಣ ಮತ್ತು ಗಂಧಕದ ಸಂಯುಕ್ತ. ತೇವದ ಗಾಳಿಯಲ್ಲಿ ಕೆಲವು ಕಲ್ಲುಗಳು ಒಳಗಿನಿಂದಲೇ ಒಡೆದು ಗಂಧಕಾಮ್ಲವನ್ನೂ ಬೂದು ಮಿಶ್ರಿತ ಬಿಳಿ ಪುಡಿಯನ್ನೂ ಕಾರುತ್ತವೆ; ಅದೇ ಸಂಯೋಜನೆಯ ಮಾರ್ಕಸೈಟ್ ಖನಿಜ ಬೆರೆತಿದ್ದರೆ ಇನ್ನೂ ಬೇಗ. ಆರಂಭದ ಒಂದು ಲಾಟು ಸುಮಾರು ಆರು ಸಾವಿರ ರೂಪಾಯಿಯದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲುಗಳು ಕಾಗದದ ಪೊಟ್ಟಣದಲ್ಲೇ ಹಾಳಾದವು, ಪೊಟ್ಟಣದ ಕಾಗದವೂ ಕಂದು ತಿರುಗಿ ಮುರಿಯತೊಡಗಿತು. ಆ ಕಾಗದವೇ ನನ್ನ ಪರೀಕ್ಷೆಯಾಯಿತು. ಈಗ ಹೊಸ ಲಾಟಿನ ಪ್ರತಿ ಕಲ್ಲನ್ನೂ ಬಿಳಿ ಕಾಗದದ ಮೇಲಿಟ್ಟು, ಮೂಲೆಯಲ್ಲಿ ಒದ್ದೆ ಹತ್ತಿಯ ಬಟ್ಟಲನ್ನೂ ಉಜ್ಜಿದ ಬೆಳ್ಳಿಯ ತುಣುಕನ್ನೂ ಇಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಮುಚ್ಚಿಡುತ್ತೇನೆ. ಕಾಗದಕ್ಕೆ ಕಂದು ಕಲೆ ಬಿಟ್ಟ ಕಲ್ಲನ್ನು ಬಿಸಾಡುತ್ತೇನೆ. ಹತ್ತರಲ್ಲಿ ಎರಡು ಮೂರು ಹೋಗುತ್ತವೆ; ಆ ನಷ್ಟವನ್ನು ಉಳಿದವುಗಳ ಬೆಲೆಗೆ ಸೇರಿಸದೆ ಈ ಕೆಲಸ ಮಾಡಬಾರದು.

ಪಾಸಾದ ಕಲ್ಲಿಗೆ ಬೆಂಕಿಯಾಗಲಿ ಆಸಿಡ್ಡಾಗಲಿ ತಾಗಕೂಡದು. ಟಾರ್ಚಿನ ಕಾವಿಗೆ ಗಂಧಕದ ಹೊಗೆ ಏಳುತ್ತದೆ, ಹೊಳಪು ಹೋಗುತ್ತದೆ. ಆದ್ದರಿಂದ ಬೆಸುಗೆ, ಆಸಿಡ್ ತೊಳೆತ, ಅಂಟುವಾಳದ ನೀರಿನಲ್ಲಿ ಬ್ರಶ್ ಹಾಕುವುದು, ಪಾಲಿಶ್ ಎಲ್ಲವೂ ಕಲ್ಲು ಕೂರುವ ಬೆಳ್ಳಿಯ ಗೂಡು ಖಾಲಿಯಿರುವಾಗಲೇ ಮುಗಿಯಬೇಕು, ಕಲ್ಲು ಕಟ್ಟಕಡೆಗೆ ಬರಬೇಕು. ಕೂರಿಸಿದ ಮೇಲೆ ಅಲ್ಟ್ರಾಸೋನಿಕ್ ಮತ್ತು ಆವಿ ತೊಳೆತಗಳನ್ನು ಮರೆತುಬಿಡಬೇಕು.

ಬೆಳ್ಳಿ ಕಪ್ಪಾಗುವುದನ್ನು ತಡೆಯಲು ಕಲ್ಲಿನ ಬೆನ್ನು ಬೆಳ್ಳಿಗೆ ತಾಗದಂತೆ ಮಾಡಬೇಕಿತ್ತು. ಹಳಬರಂತೆ ಗೂಡಿನ ತಳಕ್ಕೆ ಮರದ ಹೊಟ್ಟು ತುಂಬಿದೆ; ಅದು ತೇವ ಹೀರಿಕೊಂಡು ಕಲ್ಲಿನ ಅಡಿಯಲ್ಲೇ ಹಿಡಿದಿಟ್ಟಿತು. ಅರಗನ್ನು ಕರಗಿಸಿ ಹಾಕಲು ಕಾವು ಬೇಕು, ಆ ದಾರಿಯೂ ಮುಚ್ಚಿತು. ಕಡಪ ಕಲ್ಲಿನ ತೆಳು ಬಿಲ್ಲೆಯನ್ನು ಬೆನ್ನಿಗೆ ಅಂಟಿಸಿ ನೋಡಿದೆ, ಅಗ್ಗವಾಗಿತ್ತು, ಆದರೆ ಅದು ಸುಣ್ಣಕಲ್ಲಿನ ಜಾತಿಯಾದ್ದರಿಂದ ಆಮ್ಲ ಸೋಂಕಿದ ಕಡೆ ಮಂಕಾಗಿ ಪುಡಿ ಬಿಟ್ಟಿತು. ಕೊನೆಗೆ ನಿಂತದ್ದು ಒಂದು ಮಿಲಿಮೀಟರಿಗಿಂತ ತುಸು ದಪ್ಪದ ಕಪ್ಪು ಅಗೇಟ್ ಬಿಲ್ಲೆ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟಿನಲ್ಲಿ. ಐದು ನಿಮಿಷದ ಅಂಟನ್ನು ನಾನು ನಂಬುವುದಿಲ್ಲ. ಅಂಟನ್ನು ಬೆನ್ನಿಗೆ ಮಾತ್ರವಲ್ಲದೆ ಪಕ್ಕದ ಗೋಡೆಗೂ ತೆಳುವಾಗಿ ಬಳಿದರೆ ಕಲ್ಲು ಬೆಳ್ಳಿಯನ್ನು ಎಲ್ಲೂ ಮುಟ್ಟುವುದಿಲ್ಲ. ಹರಳಿನ ಮುಖಕ್ಕೂ ಒಂದು ಲೇಪವಿದೆ. ಸ್ಪ್ರೇ ಲ್ಯಾಕರ್ ಹೊಡೆದವರ ಕಲ್ಲುಗಳಲ್ಲಿ ಕಾಮನಬಿಲ್ಲಿನ ಬಣ್ಣ ಕಂಡದ್ದನ್ನು ನೋಡಿದ್ದೇನೆ, ನನ್ನದರಲ್ಲಿ ಲೇಪವಿರುವುದೇ ಕಾಣುವುದಿಲ್ಲ. ಯಾವುದರಲ್ಲಿ ಎಷ್ಟು ಕರಗಿಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬಹಳ ಕಲ್ಲುಗಳನ್ನು ಬಲಿಕೊಟ್ಟಿದ್ದೇನೆ.

ಪಟ್ಟಿಗೆ ಸುಮಾರು 0.3 ಮಿಲಿಮೀಟರ್ ದಪ್ಪದ, ಚೆನ್ನಾಗಿ ಕಾಸಿ ಮೆದು ಮಾಡಿದ ಅಪ್ಪಟ ಬೆಳ್ಳಿಯೇ ಆಗಬೇಕು. ತಾಮ್ರ ಬೆರೆತ ಸ್ಟರ್ಲಿಂಗ್ ಬೆಳ್ಳಿ ಬಗ್ಗಲು ಕೇಳುವ ಒತ್ತಡವನ್ನು ಈ ಕಲ್ಲು ತಾಳದು. ಪೈರೈಟ್ ಗಡಸುತನದ ಮೋಸ್ ಮಾಪಕದಲ್ಲಿ (1ರಿಂದ 10) 6ರಿಂದ 6.5ರವರೆಗಿದ್ದರೂ ಗಾಜಿನಂತೆ ಪೆಳಸು. ಎತ್ತರ ಅಂಚಿಗಿಂತ ಕೂದಲೆಳೆಯಷ್ಟೇ ಹೆಚ್ಚಿರಲಿ. ನಾಲ್ಕು ದಿಕ್ಕಿಗೆ ಒಂದೊಂದು ಸಲ ಒತ್ತಿ, ಎದುರು ಬದಿಗೆ ಹೋಗಿ, ಮತ್ತೆ ನಡುವಿನ ಕಡೆಗಳಿಗೆ ಬರುವುದು ಕಸುಬಿನವರಿಗೆಲ್ಲ ಗೊತ್ತೇ ಇದೆ. ಇಲ್ಲಿ ವ್ಯತ್ಯಾಸವೆಂದರೆ ಒತ್ತುವಾಗ ಕಿವಿಯನ್ನೂ ಇಟ್ಟಿರಬೇಕು. ಹರಳಿಗೆ ಪಟ್ಟಿ ತಾಗಿದಾಗ ಸಣ್ಣದಾಗಿ ಚುರುಕ್ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಿ, ಪಟ್ಟಿಯ ಆ ಜಾಗವನ್ನು ಅರದಿಂದ ತುಸು ತಗ್ಗಿಸಿ ಮುಂದುವರಿಸಿದರೆ ಕಲ್ಲು ಉಳಿಯುತ್ತದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಗೂಡನ್ನು ಮೊದಲೇ ಕಪ್ಪು ಮಾಡಿ, ಅಂಚನ್ನು ಮಾತ್ರ ಉಜ್ಜಿ ಬೆಳಗಿಸಿದರೆ ಪೈರೈಟಿನ ಮಾಸಲು ಹಳದಿ ಎದ್ದು ಕಾಣುತ್ತದೆ. ನನ್ನ ಮಾರಾಟದಲ್ಲಿ ಹೆಚ್ಚಿನ ಪಾಲು ಈಗ ಇದೇ. ಹಿತ್ತಾಳೆಯ ಗೂಡಿನಲ್ಲಿ ಕಲ್ಲಿನ ಬಣ್ಣವೂ ಲೋಹದ ಬಣ್ಣವೂ ಒಂದಾಗಿ ಎರಡೂ ಸಪ್ಪೆಯಾದವು. ಉಂಗುರಗಳನ್ನು ಕೈಬಿಟ್ಟಿದ್ದೇನೆ, ದಿನಕ್ಕೆ ಹತ್ತು ಸಲ ತೊಳೆಯುವ ಕೈಗೆ ಈ ಕಲ್ಲು ಹೊಂದದು, ಅಳತೆ ಬದಲಿಸಬೇಕಾದರೆ ಕಲ್ಲನ್ನು ಬಿಚ್ಚಲೇಬೇಕು. ಜುಮುಕಿಯಂತೆ ತೂಗುವ ಓಲೆಗೆ ಹದಿನಾಲ್ಕು ಮಿಲಿಮೀಟರ್ ದಾಟಬಾರದು, ದಾಟಿದರೆ ಕಿವಿ ಜಗ್ಗುತ್ತದೆ.

ಖರ್ಚಿನ ಲೆಕ್ಕ ಅಂದಾಜಿನದು. ಒಳ್ಳೆಯ ಕಲ್ಲು ಇನ್ನೂರೈವತ್ತರಿಂದ ನಾನೂರು ರೂಪಾಯಿ, ಬಿಲ್ಲೆ ಮತ್ತು ಅಂಟಿಗೆ ಅರವತ್ತು, ಒಂದು ಪದಕಕ್ಕೆ ಏಳೆಂಟು ಗ್ರಾಂ ಬೆಳ್ಳಿ. ಬೆಳ್ಳಿಯ ದರ ಏರಿದಂದಿನಿಂದ ಲೋಹದ ಬೆಲೆಯನ್ನು ಆ ದಿನದ ದರಕ್ಕೇ ಕಟ್ಟಿ, ಕಲ್ಲು ಮತ್ತು ಮಜೂರಿಯನ್ನು ಬೇರೆ ಬರೆದು ತೋರಿಸುತ್ತೇನೆ. ಮಜೂರಿ ಸಾವಿರದೈನೂರಕ್ಕಿಂತ ಕೆಳಗಿಳಿದರೆ ಡಬ್ಬಿಯಲ್ಲಿ ಕಳೆದ ಕಲ್ಲುಗಳ ಹಣ ಹುಟ್ಟುವುದಿಲ್ಲ. ಪ್ರತಿ ಪದಕದ ಜೊತೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಜಿಪ್ ಚೀಲವನ್ನು ಕೊಡುತ್ತೇನೆ, ಸ್ನಾನಕ್ಕೆ ಮುಂಚೆ ಕಳಚಿ ಅದರಲ್ಲೇ ಇಡಬೇಕೆಂದು ಚೀಟಿಯಲ್ಲಿ ಬರೆದಿರುತ್ತೇನೆ. ಮೊದಲು ನನ್ನನ್ನು ತಡೆದ ಆ ಹಿರಿಯ ಆಚಾರ್ಯರು ಹೋದ ದಸರೆಗೆ ಮುಂಚೆ ಮೊಮ್ಮಗಳಿಗೆಂದು ಒಂದು ಪದಕವನ್ನು ಪೂರ್ತಿ ಬೆಲೆ ಕೊಟ್ಟು ಒಯ್ದರು, ಮತ್ತು ಲೇಪದ ವಿಷಯವನ್ನು ಎರಡು ಸಲ ಕೇಳಿದರು.