ಹೆಸರು ಓದುವ ಮೊದಲು ಕಲ್ಲನ್ನು ಓದಿ

ಹಳೆಯ ಕ್ರೈಸ್ತ ಸ್ಮಶಾನಕ್ಕೆ ಹೋದವರು ನೇರವಾಗಿ ಹೆಸರು ಓದಲು ಬಾಗುತ್ತಾರೆ. ನಾನು ಮೊದಲು ಕಲ್ಲಿನ ಜಾತಿ ನೋಡುತ್ತೇನೆ. ಅಕ್ಷರ ಎಲ್ಲಿ, ಹೇಗೆ ಉಳಿದಿರಬಹುದು ಎಂಬುದು ಅದರಿಂದಲೇ ತಿಳಿಯುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರಕರ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದಿತು. ಈ ಭಾಗದ ಹಳೆಯ ಗೋರಿಗಲ್ಲುಗಳನ್ನು ಬಿಡುವಿನ ವೇಳೆಯಲ್ಲಿ ದಾಖಲಿಸುವುದು ನನ್ನ ಹವ್ಯಾಸ.

ಚೀಲದಲ್ಲಿರುವುದು ಇಷ್ಟೇ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ನೀರಿನ ಬಾಟಲಿ, ಮೆತ್ತನೆಯ ಬ್ರಷ್, ದಾರಕ್ಕೆ ಕಟ್ಟಿದ ಆಯಸ್ಕಾಂತ, ಒಂದು ಮುಖಗನ್ನಡಿ. ಆಮ್ಲದ ಹನಿ ಹಾಕಿ ನೊರೆ ಬರುವುದೇ ಎಂದು ನೋಡುವ ಪರೀಕ್ಷೆ ಪ್ರಯೋಗಾಲಯಕ್ಕೆ ಸರಿ, ಇನ್ನೊಬ್ಬರ ಅಜ್ಜಿಯ ಗೋರಿಯ ಮೇಲಲ್ಲ.

ನಮ್ಮ ನೆಲದ ಕಲ್ಲು ಎಂದರೆ ಹಸಿರು ಛಾಯೆಯ ಪದರುಗಲ್ಲು. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ವಯಸ್ಸು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚು. ಇದರಲ್ಲಿ ಮೆತ್ತನೆಯದು ಬಳಪದ ಕಲ್ಲು: ಕೆಳಗೆ ಬಿದ್ದ ಚೂರನ್ನು ಉಗುರಿನಿಂದ ಗೀರಿದರೆ ಗೆರೆ ಮೂಡುತ್ತದೆ, ಬೆರಳಿಗೆ ಸಾಬೂನಿನ ನುಣುಪು ಹತ್ತುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕುಸುರಿ ಸಾಧ್ಯವಾದದ್ದು ಇದೇ ಬಳಗದ ಕಲ್ಲಿನಿಂದ. ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುವುದು ಮಿಷನರಿಗಳು ಬಂದ ಮೇಲೆ ಇಲ್ಲಿಯವರು ಕಲಿತದ್ದೂ ಅಲ್ಲ. ಬೆಟಗೇರಿಯ ವೀರಗಲ್ಲುಗಳನ್ನು ನೋಡಿದರೆ ಸಾಕು. ಪದರುಗಲ್ಲಿನ ಕೇಡು ಅದರ ಪದರಿನಲ್ಲೇ ಇದೆ. ಬಿರುಕಿಗೆ ಮಳೆನೀರು ಇಳಿದು ಮೇಲ್ಪದರು ಕಳಚಿಕೊಂಡರೆ ಇಡೀ ಸಾಲು ಅದರೊಂದಿಗೇ ಹೋಗುತ್ತದೆ. ಆದ್ದರಿಂದ ಬುಡದ ಹುಲ್ಲಿನಲ್ಲಿ ಬಿದ್ದ ಚಪ್ಪಟೆ ಚೂರುಗಳನ್ನು ತಿರುವಿ ನೋಡದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಅಮೃತಶಿಲೆಯ ಕಥೆ ಬೇರೆ. ದೂರದಿಂದ ತರಿಸಿದ ದುಬಾರಿ ಫಲಕ, ಆದರೆ ನಮ್ಮ ಮಳೆಗೆ ಸೋಲುವುದರಲ್ಲಿ ಮುಂದು. ಮಳೆನೀರಿನ ಸಣ್ಣ ಆಮ್ಲಾಂಶಕ್ಕೂ ಅದರ ಸುಣ್ಣದ ಅಂಶ ಕರಗುತ್ತದೆ. ಹೊಳಪು ಹೋಗಿ ಮೈ ಸಕ್ಕರೆಯ ಹರಳಿನಂತೆ ಉದುರುತ್ತದೆ. ಕೆತ್ತಿದ ಅಕ್ಷರದ ಅಂಚು ಸವೆದಿದ್ದರೆ ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಓರೆಯಾಗಿ ಹಾಯಿಸುತ್ತೇನೆ. ನೆರಳು ಬಿದ್ದು ಗೆರೆಗಳು ಎದ್ದು ನಿಲ್ಲುತ್ತವೆ. ಸೀಸದ ಅಕ್ಷರಗಳದ್ದು ಇನ್ನೂ ಸ್ವಾರಸ್ಯ. ಅಕ್ಷರದ ಗೆರೆ ಕೊರೆದು, ಅದರೊಳಗೆ ಸಣ್ಣ ತೂತುಗಳನ್ನು ಮಾಡಿ, ಸೀಸವನ್ನು ಬಡಿದು ಕೂರಿಸುತ್ತಿದ್ದರು. ಸೀಸ ಉದುರಿದರೂ ತೂತು ಉಳಿಯುತ್ತದೆ. ಒಂದು ಕಡೆ ನೇರ ಗೆರೆಯಲ್ಲಿ ಮೂರು ತೂತು, ಅದರ ಬುಡದಿಂದ ಬಲಕ್ಕೆ ಇನ್ನೊಂದು. ಅದು ಇಂಗ್ಲಿಷಿನ ‘ಎಲ್’ ಎಂದು ಹೊಳೆದ ಮೇಲೆ ಉಳಿದ ಹೆಸರೂ ಸಾಲಾಗಿ ಬಿಡಿಸಿಕೊಂಡಿತು. ಪದಬಂಧ ತುಂಬುವವರಿಗೆ ಈ ಕೆಲಸವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ಕಪ್ಪು ಕಲ್ಲಿಗೆ ಆಯಸ್ಕಾಂತ. ಡಾಲರೈಟ್ ಎಂಬ ಕಪ್ಪು ಅಗ್ನಿಶಿಲೆಯಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇರುವುದರಿಂದ ದಾರ ಸ್ವಲ್ಪ ವಾಲುತ್ತದೆ. 1870ರ ಸಾವಿನ ದಿನಾಂಕವಿದ್ದು ಕಲ್ಲು ಮಾತ್ರ ಹೊಸ ಅಡುಗೆಕಟ್ಟೆಯ ಹಾಗೆ ಥಳಥಳಿಸಿದರೆ ಬಹುಮಟ್ಟಿಗೆ ಅದು ಮೊಮ್ಮಕ್ಕಳು ಹಾಕಿಸಿದ ಕಲ್ಲು. ವಹಿಯಲ್ಲಿ ಹಾಗೆಂದೇ ಬರೆಯುತ್ತೇನೆ. ಜಂಬಿಟ್ಟಿಗೆಯಲ್ಲಿ ಬರಹ ಹುಡುಕುವುದು ದಂಡ. ಮೈತುಂಬ ತೂತು, ಅಕ್ಷರ ನಿಲ್ಲುವುದಿಲ್ಲ. ಅದು ಕಟ್ಟೆಗೆ, ಅಂಚಿಗೆ ಲಾಯಕ್ಕು.

ತೊಳೆಯಲು ನೀರು ಮತ್ತು ಬ್ರಷ್ ಮಾತ್ರ, ಅದೂ ಕಲ್ಲು ಗಟ್ಟಿಯಿದ್ದರೆ. ಪದರು ಎದ್ದಿದ್ದರೆ ಬ್ರಷ್ಷೂ ಬೇಡ. ತಂತಿಬ್ರಷ್ಷಿನಿಂದ ಉಜ್ಜಿ, ಶೌಚಾಲಯದ ಆಮ್ಲ ಸುರಿದು ಬೆಳ್ಳಗೆ ಮಾಡಿದ ಫಲಕಗಳನ್ನು ಕಂಡಾಗ ಸಿಟ್ಟು ಬರುತ್ತದೆ. ಮುರಿದ ಕಲ್ಲಿಗೆ ಸಿಮೆಂಟು ಮೆತ್ತುವುದು ಅದಕ್ಕಿಂತ ಕೇಡು: ಮೆತ್ತನೆಯ ಕಲ್ಲಿಗಿಂತ ಅದು ಬಿರುಸು, ತೇವವನ್ನು ಒಳಗೇ ಹಿಡಿದಿಡುತ್ತದೆ, ಮುಂದಿನ ಬಿರುಕು ಅದರ ಪಕ್ಕದಲ್ಲೇ ಏಳುತ್ತದೆ. ಜೋಡಿಸಲೇಬೇಕಾದರೆ ಸುಣ್ಣದ ಗಾರೆ ಬಲ್ಲ ಕೆಲಸಗಾರರನ್ನು ಕರೆಸಿ. ಅಲ್ಲಿಯವರೆಗೆ ಚೂರುಗಳನ್ನು ಅದೇ ಗೋರಿಯ ಮೇಲೆ, ಬರಹ ಕೆಳಮುಖವಾಗಿ, ನೀರು ನಿಲ್ಲದ ಹಾಗೆ ಇಡಿ.